ಟಿಎಂಜೆ ಎಲ್ಲರಿಗೂ ಇದೆ

‘ಡಾಕ್ಟ್ರು ನಂಗೆ ಟಿಎಂಜೆ ಬಂದಿದೆ ಅಂದ್ರು.’ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಈ ತಿಂಗಳು ಇದು ಮೂರನೇ ಸಲ. ಬರುವುದೇನು ಬಂತು, ಹುಟ್ಟುವಾಗಲೇ ತಂದಿದ್ದೀರಿ. ಅದೂ ಎರಡು. ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳಡಿ ಏನೋ ಉರುಳಿದಂತಾಗುತ್ತೆ ಅಲ್ವಾ? ಆ ಕೀಲಿನ ಹೆಸರೇ ಟಿಎಂಜೆ. ತೊಂದರೆಯ ಹೆಸರು ಟಿಎಂಡಿ. ಮಂಡಿನೋವು ಬಂದವರು ‘ನನಗೆ ಮಂಡಿ ಬಂದಿದೆ’ ಅನ್ನುತ್ತಾರಾ?

ಟೆಂಪೊರೊಮ್ಯಾಂಡಿಬ್ಯುಲರ್ ಜಾಯಿಂಟ್ ಎಂಬ ಪೂರ್ತಿ ಹೆಸರು ಬಿಡಿಸಿದರೆ ಗೊಂದಲವೇ ಇಲ್ಲ. ‘ಟೆಂಪೊರೊ’ ಅಂದರೆ ಕಣತಲೆಯದು. ‘ಮ್ಯಾಂಡಿಬಲ್’ ಅಂದರೆ ಕೆಳದವಡೆ. ‘ಅಗಿ’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ‘ಜೆ’ ಅಂದರೆ ಜಾಯಿಂಟ್, ಕೀಲು. ಟಿಎಂಡಿಯ ‘ಡಿ’ ಅಂದರೆ ಡಿಸಾರ್ಡರ್, ತೊಂದರೆ. ಕನ್ನಡದಲ್ಲಿ ದವಡೆ ಕೀಲು ಅಂದರೆ ಸಾಕು. ‘ಕೀಲು’ ಮಾತ್ರ ಬಿಡಬೇಡಿ. ಬರೀ ದವಡೆ ನೋವು ಅಂದರೆ ನಮ್ಮವರು ದವಡೆ ಹಲ್ಲನ್ನೇ ತೋರಿಸುತ್ತಾರೆ. ಪುಸ್ತಕದ ಮಾತೇ ಬೇಕೆಂದರೆ ಹನುಸಂಧಿ. ಹನು ಅಂದರೆ ದವಡೆ. ವಾಲ್ಮೀಕಿ ರಾಮಾಯಣದಲ್ಲಿ ಇಂದ್ರನ ವಜ್ರದ ಏಟಿಗೆ ಎಡದವಡೆ ಮುರಿದುಕೊಂಡವನೇ ಹನುಮಂತ. ಅವನ ಹೆಸರಲ್ಲೂ ಹನು ಅಂದರೆ ಅಂಗವೇ, ಏಟಲ್ಲ.

ಇನ್ನು ಟಿಎಂಡಿ ಜೊತೆ ಬರುವ ತಲೆನೋವು. ಕಣತಲೆಗೆ ಬೆರಳಿಟ್ಟು ಹಲ್ಲು ಕಚ್ಚಿ. ಉಬ್ಬುವುದು ಟೆಂಪೊರಾಲಿಸ್ ಸ್ನಾಯು. ಬೀಸಣಿಗೆಯ ಹಾಗೆ ಹರಡಿ, ಕೆಳದವಡೆಗೆ ಬಂದು ಸೇರುತ್ತದೆ. ರಾತ್ರಿಯೆಲ್ಲ ಹಲ್ಲು ಕಡಿದರೆ ಬೆಳಿಗ್ಗೆ ಅದು ನೋಯಬಹುದು. ಅದನ್ನೇ ತಲೆನೋವು ಅಂತೀವಿ. ಇದಕ್ಕೂ ಮೈಗ್ರೇನಿಗೂ ಟ್ರೈಜೆಮಿನಲ್ ಎಂಬ ಒಂದೇ ನರದ ನಂಟಿದೆ. ಹಾಗಾಗಿ ಒಂದು ನೋವು ಇನ್ನೊಂದನ್ನು ಕೆರಳಿಸಬಹುದು.

ನಿದ್ದೆಗೇಡು, ಆತಂಕ, ಮೈತುಂಬ ನೋಯುವ ಫೈಬ್ರೊಮಯಾಲ್ಜಿಯಾ ಇವೂ ಟಿಎಂಡಿ ಇದ್ದವರಲ್ಲಿ ಜಾಸ್ತಿ. ಇಷ್ಟಕ್ಕೇ ‘ದವಡೆ ಸರಿಮಾಡಿ, ಬೆನ್ನು, ಹೊಟ್ಟೆ ಎಲ್ಲ ಸರಿಹೋಗುತ್ತೆ’ ಎಂಬ ಜಾಹೀರಾತು! ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗಿಬಿಡಲ್ಲ. ಈ ಚಾಳಿ ಹಳೆಯದು. 1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ ಕಿವಿನೋವು, ತಲೆಸುತ್ತು, ತಲೆನೋವುಗಳನ್ನೆಲ್ಲ ಒಟ್ಟು ಕಟ್ಟಿ, ಹಿಂದಿನ ಹಲ್ಲು ಉದುರಿ ದವಡೆ ಜಾಗ ತಪ್ಪುವುದೇ ಮೂಲ ಅಂದರು. ಆ ವಿವರಣೆ ನಿಲ್ಲಲಿಲ್ಲ. ಮೇಲಿನ ಹಲ್ಲು ಕೆಳಗಿನದರ ಮೇಲೆ ಸರಿಯಾಗಿ ಕೂರಲೆಂದು ಹಲ್ಲು ತೇಯ್ದು ತಲೆನೋವು ಓಡಿಸುವ ಆಸೆ ಮಾತ್ರ ಉಳಿದಿದೆ. ತೇಯ್ದ ಹಲ್ಲು ಮತ್ತೆ ಬೆಳೆಯಲ್ಲ. ಮೆತ್ತಗಿನ ಊಟ, ಬಿಸಿ ಶಾಖ, ಹಲ್ಲು ಕಚ್ಚದಿರುವ ಅಭ್ಯಾಸ, ಇವು ಮೊದಲು. ನೋವಿಲ್ಲದೆ ಸುಮ್ನೆ ‘ಟಕ್’ ಅನ್ನುವ ಕೀಲಿಗೆ ಸಾಮಾನ್ಯವಾಗಿ ಅದೂ ಬೇಡ.

ಇನ್ನೊಂದು. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರ ಬಾಯಿಗೆ ಮೂರು ಬೆರಳೂ ಹೋಗದಿದ್ದರೆ ಅದಕ್ಕೂ ‘ಟಿಎಂಜೆ ಇರಬೇಕು’ ಅನ್ನಬೇಡಿ. ಅಲ್ಲಿ ಸಾಮಾನ್ಯವಾಗಿ ಬಿಗಿದಿರುವುದು ಕೆನ್ನೆಯ ಒಳಪದರ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. ಮುಂದೆ ಕ್ಯಾನ್ಸರ್ ಆಗಬಹುದು, ಬೇಗ ತೋರಿಸಿ.