ಲಿಂಕಿನ ಬಾಲಕ್ಕೂ ಗೂಗಲ್ ರ‍್ಯಾಂಕಿಂಗಿಗೂ ಏನು ಸಂಬಂಧ?

"ಸರ್, ವಾಟ್ಸಾಪಿಗೆ ಹಾಕೋ ಲಿಂಕಿಗೆ ಯುಟಿಎಂ ಹಚ್ಚಿದ್ರ ಗೂಗಲ್‌ದಾಗ ನಮ್ಮ ಸೈಟ್ ಕೆಳಗ ಹೋಗತೈತೇನ್ರಿ?" ಹುಬ್ಬಳ್ಳಿ-ಧಾರವಾಡದಲ್ಲಿ ಆನ್‌ಲೈನ್ ವ್ಯಾಪಾರ ಶುರು ಮಾಡಿದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಹೋಗುವುದಿಲ್ಲ. ಹೊರಗಡೆ ಹಂಚುವ ಲಿಂಕಿಗೆ ಧೈರ್ಯವಾಗಿ ಹಚ್ಚಿ. ನಿಮ್ಮ ಸೈಟಿನ ಒಳಗಿನ ಲಿಂಕುಗಳಿಗೆ ಮಾತ್ರ ಹಚ್ಚಲೇಬೇಡಿ. ತೊಂದರೆ ಹುಟ್ಟುವುದು ಅಲ್ಲಿ.

ವೆಬ್ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಸೋರ್ಸ್, ಮೀಡಿಯಂ, ಕ್ಯಾಂಪೇನ್ ಅಂತ ಸೇರಿಸುವ ಬಾಲವೇ ಯುಟಿಎಂ. ಗಿರಾಕಿ ವಾಟ್ಸಾಪಿನಿಂದ ಬಂದರೋ ಇನ್‌ಸ್ಟಾಗ್ರಾಂನಿಂದ ಬಂದರೋ ಅಂತ, ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನಲ್ಲಿ ಇದರಿಂದ ತಿಳಿಯುತ್ತದೆ. ಅರ್ಚಿನ್ ಎಂಬ ಕಂಪನಿಯ ಸಾಫ್ಟ್‌ವೇರ್‌ನಿಂದ ಬಂದ ಪದ್ಧತಿ. ಆ ಕಂಪನಿಯನ್ನು ಗೂಗಲ್ 2005ರಲ್ಲಿ ಕೊಂಡಿತು. ನೀವು ಏನೂ ಹಚ್ಚದಿದ್ದರೂ ಫೇಸ್‌ಬುಕ್ ತಾನೇ ಎಫ್‌ಬಿಕ್ಲಿಡ್ ಅಂತ ಒಂದು ಬಾಲ ಸೇರಿಸುತ್ತದೆ.

ತೆರೆಯುವ ಪುಟ ಅದೇ ಇರಬಹುದು. ಆದರೆ ಬಾಲ ಬದಲಾದರೆ ಸರ್ಚ್ ಎಂಜಿನ್ ಲೆಕ್ಕದಲ್ಲಿ ಅದು ಬೇರೆ ವಿಳಾಸ. ಒಂದೇ ಪುಟಕ್ಕೆ ಹತ್ತು ವಿಳಾಸ ಕಂಡರೆ ಗೂಗಲ್ ಎಲ್ಲವನ್ನೂ ಗುಂಪು ಮಾಡಿ, ಒಂದನ್ನು ಅಸಲಿ ಅಂತ ಆರಿಸಿಕೊಳ್ಳುತ್ತದೆ. ಆ ವಿಳಾಸಕ್ಕೆ ಕ್ಯಾನೊನಿಕಲ್ ಅನ್ನುತ್ತಾರೆ. ನಕಲು ಪುಟ ಇದ್ದರೆ ಪೆನಾಲ್ಟಿ ಬೀಳುತ್ತದೆ ಅನ್ನುವ ಭಯ ನಮ್ಮಲ್ಲಿ ತುಂಬಾ ಇದೆ. ಯುಟಿಎಂ ವಿಷಯದಲ್ಲಿ ಅದು ಸುಮ್ನೆ ಭಯ.

ಅಸಲಿ ಯಾವುದು ಅಂತ ನಾವೂ ಹೇಳಬಹುದು. ಪುಟದ ಕೋಡ್‌ನಲ್ಲಿ ಕ್ಯಾನೊನಿಕಲ್ ಟ್ಯಾಗ್ ಹಾಕಿ, ಬಾಲವಿಲ್ಲದ ವಿಳಾಸ ಕೊಡಬೇಕು. ಗೂಗಲ್, ಯಾಹೂ, ಮೈಕ್ರೋಸಾಫ್ಟ್ 2009ರಲ್ಲೇ ಒಟ್ಟಿಗೆ ಒಪ್ಪಿಕೊಂಡ ಟ್ಯಾಗ್ ಅದು. ವರ್ಡ್‌ಪ್ರೆಸ್‌ನಲ್ಲಿ ಯೋಸ್ಟ್‌ನಂಥ ಪ್ಲಗಿನ್ ಇದ್ದರೆ ತಾನೇ ಹಾಕುತ್ತದೆ. ಆದರೆ ಗೂಗಲ್ ಇದನ್ನು ಸೂಚನೆ ಅಂತ ತಗೊಳ್ಳುತ್ತದೆಯೇ ಹೊರತು ಆಜ್ಞೆ ಅಂತಲ್ಲ. ಸೈಟ್‌ಮ್ಯಾಪ್‌ನಲ್ಲಿ (ಸರ್ಚ್ ಎಂಜಿನ್‌ಗೆ ಕೊಡುವ ಪುಟಗಳ ಪಟ್ಟಿ) ಯಾವ ವಿಳಾಸ ಇದೆ, ಸೈಟಿನ ಒಳಗಿನ ಲಿಂಕುಗಳು ಯಾವ ಕಡೆ ಕೈ ತೋರಿಸುತ್ತಿವೆ, ಅದನ್ನೂ ನೋಡುತ್ತದೆ.

ಎಡವುವುದು ಇಲ್ಲೇ. ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾರುವ ಹಾವೇರಿ ಜಿಲ್ಲೆಯ ಒಂದು ಸೈಟ್ ನನ್ನ ಹತ್ತಿರ ಬಂದಿತ್ತು. ಮುಖಪುಟದ ಬ್ಯಾನರ್, ಮೆನು, ಕೆಳಗಿನ ಬಟನ್, ಎಲ್ಲಕ್ಕೂ ಬೇರೆ ಬೇರೆ ಯುಟಿಎಂ. ಜನ ಯಾವುದನ್ನು ಜಾಸ್ತಿ ಒತ್ತುತ್ತಾರೆ ಅಂತ ತಿಳಿಯಬೇಕಿತ್ತು ಅವರಿಗೆ. ಬೇಕಾದ ಮಾಹಿತಿಯೇ, ಆದರೆ ಹಿಡಿದ ದಾರಿ ಸರಿ ಇರಲಿಲ್ಲ. ಕ್ಯಾನೊನಿಕಲ್ ಟ್ಯಾಗೂ ಇರಲಿಲ್ಲ. ಕೊನೆಗೆ ಗೂಗಲ್ ಬ್ಯಾನರಿನ ಬಾಲ ಇದ್ದ ವಿಳಾಸವನ್ನೇ ಅಸಲಿ ಅಂತ ಆರಿಸಿ, ಸರ್ಚ್‌ನಲ್ಲಿ ಅದನ್ನೇ ತೋರಿಸುತ್ತಿತ್ತು.

ಇದರ ಪೆಟ್ಟು ಲೆಕ್ಕಕ್ಕೂ ಬಿತ್ತು. ಗೂಗಲ್‌ನಲ್ಲಿ ಹುಡುಕಿ ಬಂದವರು ಒತ್ತಿದ್ದು ಬ್ಯಾನರಿನ ಬಾಲದ ಲಿಂಕು, ಅಲ್ವಾ? ಹಾಗಾಗಿ ಅನಲಿಟಿಕ್ಸ್ ಅವರನ್ನೆಲ್ಲ ಬ್ಯಾನರ್ ಖಾತೆಗೆ ಬರೆಯಿತು. "ಗೂಗಲ್‌ನಿಂದ ಯಾರೂ ಬರಂಗಿಲ್ರಿ" ಅಂತ ಮಾಲೀಕರು ನಂಬಿಬಿಟ್ಟಿದ್ದರು. ಸರ್ಚ್‌ಗೆ ಹಾಕುವ ದುಡ್ಡು ನಿಲ್ಲಿಸುವ ಯೋಚನೆಯಲ್ಲಿದ್ದರು. ಬಂದ ಗಿರಾಕಿಯೇ ಲೆಕ್ಕದಲ್ಲಿ ಕಾಣದಂತಾದರೆ ಸಣ್ಣ ವ್ಯಾಪಾರಿಗೆ ಅದಕ್ಕಿಂತ ದೊಡ್ಡ ನಷ್ಟ ಏನಿದೆ? ಒಳಗಿನ ಲಿಂಕುಗಳ ಬಾಲ ಕತ್ತರಿಸಿದೆವು, ಟ್ಯಾಗ್ ಹಾಕಿದೆವು. ಬಟನ್ ಒತ್ತಿದ್ದನ್ನು ಎಣಿಸಲು ಜಿಎ4ರಲ್ಲಿ, ಅಂದರೆ ಗೂಗಲ್ ಅನಲಿಟಿಕ್ಸ್‌ನಲ್ಲಿ, ಈವೆಂಟ್ ಇಟ್ಟೆವು. ಗೂಗಲ್ ಮತ್ತೆ ಬಂದು ಓದಿಕೊಂಡ ಮೇಲೆ ಸರ್ಚ್‌ನಲ್ಲಿ ವಿಳಾಸ ಸರಿಯಾಯಿತು.

ಕೆಲವರು ಹೆದರಿ, ಯಾವ ಪುಟ ತೆರೆಯಬಾರದು ಅಂತ ಸರ್ಚ್ ಎಂಜಿನ್‌ಗೆ ಹೇಳುವ ರೋಬೋಟ್ಸ್ ಫೈಲ್‌ನಲ್ಲಿ ಯುಟಿಎಂ ವಿಳಾಸಗಳನ್ನೇ ತಡೆಯುತ್ತಾರೆ. ದಯವಿಟ್ಟು ಬೇಡ. ತಡೆದರೆ ಗೂಗಲ್ ಆ ಪುಟ ತೆರೆಯುವುದೇ ಇಲ್ಲ. ತೆರೆಯದಿದ್ದರೆ ಒಳಗಿರುವ ಕ್ಯಾನೊನಿಕಲ್ ಟ್ಯಾಗ್ ಅದಕ್ಕೆ ಕಾಣುವುದೂ ಇಲ್ಲ. ಆ ವಿಳಾಸಕ್ಕೆ ಯಾರಾದರೂ ಒಳ್ಳೆಯ ಲಿಂಕ್ ಕೊಟ್ಟಿದ್ದರೆ ಅದರ ಲಾಭವೂ ನಿಮ್ಮ ಅಸಲಿ ಪುಟಕ್ಕೆ ಸೇರುವುದಿಲ್ಲ. ಗೂಗಲ್ ಸರ್ಚ್‌ನಲ್ಲಿ ನಮ್ಮ ಸೈಟ್ ಹೇಗಿದೆ ಅಂತ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಪ್ಯಾರಾಮೀಟರ್‌ಗೆ, ಅಂದರೆ ಇಂಥ ಬಾಲಗಳಿಗೆ, ಅಂತ ಒಂದು ಉಪಕರಣ ಇತ್ತು. ಅದನ್ನು ಗೂಗಲ್ 2022ರಲ್ಲಿ ತೆಗೆದುಹಾಕಿತು. ಹಳೆಯ ವಿಡಿಯೋ ನೋಡಿ ಹುಡುಕುತ್ತಾ ಕೂರಬೇಡಿ. ಕ್ರಾಲ್ ಬಜೆಟ್ (ಗೂಗಲ್ ಒಂದು ಸೈಟಿನಲ್ಲಿ ಎಷ್ಟು ಪುಟ ತೆರೆದು ಓದುತ್ತದೆ ಅನ್ನುವ ಮಿತಿ) ಚಿಂತೆಯೂ ಲಕ್ಷಗಟ್ಟಲೆ ಪುಟಗಳ ಸೈಟಿಗೆ. ಪೇಡೆ, ಸೀರೆ, ಮಸಾಲೆ ಮಾರುವ ಇನ್ನೂರು ಪುಟದ ಸೈಟಿಗೆ ಅದು ಬೇಕಿಲ್ಲ.

ನಿಮ್ಮ ಸೈಟ್ ಹೇಗಿದೆ ಅಂತ ನೋಡಲು ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ಗೆ ಹೋಗಿ, ಮುಖ್ಯ ಪುಟಗಳ ವಿಳಾಸ ಒಂದೊಂದಾಗಿ ಹಾಕಿ. ನೀವು ಹೇಳಿದ ಕ್ಯಾನೊನಿಕಲ್ ಯಾವುದು, ಗೂಗಲ್ ಆರಿಸಿದ್ದು ಯಾವುದು, ಎರಡನ್ನೂ ತೋರಿಸುತ್ತದೆ. ಎರಡೂ ಒಂದೇ ಇದ್ದು ಬಾಲ ಇಲ್ಲದಿದ್ದರೆ ಚಿಂತೆ ಇಲ್ಲ.

ಯುಟಿಎಂ ಖಂಡಿತ ಇರಬೇಕಾದ ಜಾಗವೂ ಒಂದಿದೆ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ಹೆಸರಿನ ಕೆಳಗೆ ಬರುವ ವೆಬ್‌ಸೈಟ್ ಲಿಂಕ್. ಅಲ್ಲಿ ಹಚ್ಚದಿದ್ದರೆ ಮ್ಯಾಪ್ ನೋಡಿ ಬಂದವರು ಸಾಮಾನ್ಯ ಸರ್ಚ್‌ನಲ್ಲಿ ಬೆರೆತುಹೋಗುತ್ತಾರೆ. ಹೆಸರುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಬರೆಯಿರಿ. ಒಮ್ಮೆ ದೊಡ್ಡ ಅಕ್ಷರ, ಒಮ್ಮೆ ಸಣ್ಣ ಅಕ್ಷರ ಹಾಕಿದರೆ ಅನಲಿಟಿಕ್ಸ್ ಎರಡು ಬೇರೆ ಸಾಲು ಮಾಡುತ್ತದೆ.