‘ನಂಗೆ ಅದು ಆಗುದಿಲ್ಲ’: ಸಿಹಿಗುಳಿಗೆಯ ಹಳೇ ತಕರಾರು

ಮುಂಬಯಿ ಮಾಟುಂಗಾದ ಒಂದು ಉಡುಪಿ ಹೋಟೆಲು, ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಸಂಘದ ಸಭೆ ಮುಗಿಸಿ ಬಂದ ನಾಲ್ವರು ಹಿರಿಯರು ಕಾಫಿಗೆ ಹೇಳಿದ್ದಾರೆ. ಒಬ್ಬರು ಅಂಗಿ ಜೇಬಿನಿಂದ ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿ ತೆಗೆದು ಸಕ್ಕರೆಯ ಬದಲಿಗೆ ಟಿಕ್ ಟಿಕ್ ಎಂದು ಎರಡು ಸಿಹಿಗುಳಿಗೆ ಉದುರಿಸಿದರು. ನೊರೆಯ ಮೇಲೆ ಒಂದು ಗಳಿಗೆ ನಿಂತು ಅವು ಮುಳುಗಿದವು. “ನಂಗೆ ಅದು ಆಗುದಿಲ್ಲ ಮಾರಾಯ್ರೆ, ತಲೆ ಸಿಡೀತದೆ” ಎಂದರು ಎದುರಿನವರು. “ನಂಗೂ ಆಗುದಿಲ್ಲ” ಎಂದ ಮೂರನೆಯವರದು ಬೇರೆ ಕಥೆ: ಮದುವೆಮನೆಯಲ್ಲಿ ಸಕ್ಕರೆ ಇಲ್ಲದ ಬರ್ಫಿ ತಿಂದು ರಾತ್ರಿಯಿಡೀ ಹೊಟ್ಟೆ ಗುಡುಗುಡು. ನಾಲ್ಕನೆಯವರು ನಕ್ಕರು, “ಎಲ್ಲ ಮನಸ್ಸಿನ ಭ್ರಮೆ.”

‘ಆಗುದಿಲ್ಲ’ ಎಂಬ ಈ ಒಂದು ಪದ ನಮ್ಮಲ್ಲಿ ಅಲರ್ಜಿಗೂ ಸಲ್ಲುತ್ತದೆ, ಅಜೀರ್ಣಕ್ಕೂ ಸಲ್ಲುತ್ತದೆ, ನಾಲಿಗೆಗೆ ಹಿಡಿಸದ್ದಕ್ಕೂ ಸಲ್ಲುತ್ತದೆ. ಅತ್ತೆ-ಸೊಸೆಯ ವಿಷಯಕ್ಕೂ ಅದೇ. ಗೋಜಲು ಶುರುವಾಗುವುದು ಇಲ್ಲಿಂದಲೇ.

ಕೃತಕ ಸಿಹಿಯ ಚರಿತ್ರೆ ಮುಕ್ಕಾಲು ಪಾಲು ಕೈ ತೊಳೆಯದವರ ಚರಿತ್ರೆ. 1879ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಪ್ರಯೋಗಾಲಯದಿಂದ ಹಾಗೇ ಊಟಕ್ಕೆ ಕೂತ ರಸಾಯನಶಾಸ್ತ್ರಜ್ಞ ಫಾಲ್‌ಬರ್ಗ್‌ಗೆ ಬ್ರೆಡ್ಡು ಸಿಹಿಯೆನಿಸಿ ಸ್ಯಾಕರಿನ್ ಸಿಕ್ಕಿತು. 1937ರಲ್ಲಿ ಸಿಗರೇಟಿನ ತುದಿಗೆ ತಾಗಿದ್ದು ಸೈಕ್ಲಮೇಟ್. 1965ರಲ್ಲಿ ಕಾಗದ ಎತ್ತಲು ಬೆರಳು ನೆಕ್ಕಿದವರಿಗೆ ಆಸ್ಪರ್ಟೇಮ್. 1976ರಲ್ಲಿ ಲಂಡನ್ನಿನಲ್ಲಿ ‘ಟೆಸ್ಟ್ ಮಾಡು’ ಅಂದದ್ದು ಸಂಶೋಧಕ ಶಶಿಕಾಂತ ಫಡ್ನೀಸ್ ಕಿವಿಗೆ ‘ಟೇಸ್ಟ್ ಮಾಡು’ ಎಂದು ಬಿದ್ದು ಸುಕ್ರಲೋಸ್. ನಡುವೆ 1969ರಲ್ಲಿ ಅಮೆರಿಕ ಸೈಕ್ಲಮೇಟನ್ನು ನಿಷೇಧಿಸಿತು. 1977ರಲ್ಲಿ ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ಕಂಡು ಸ್ಯಾಕರಿನ್ ಪೊಟ್ಟಣಕ್ಕೆ ಎಚ್ಚರಿಕೆ ಬಿತ್ತು, 2000ದಲ್ಲಿ ಅದನ್ನು ತೆಗೆದರು. ನಮ್ಮಲ್ಲಿ ರೇಷನ್ ಸಕ್ಕರೆಗೆ ಸಾಲು ನಿಲ್ಲುತ್ತಿದ್ದ ಕಾಲಕ್ಕೆ ಸ್ಯಾಕ್ರಿನ್ ಎಂದರೆ ಐಸ್‌ಕ್ಯಾಂಡಿ, ಗಂಟಲು ಕೆಡುತ್ತದೆಂಬ ಅಮ್ಮನ ಬೈಗುಳ, ಅಷ್ಟೆ.

ಆ ವರ್ಷಗಳ ಪ್ರಶ್ನೆಯೆಲ್ಲ ಕ್ಯಾನ್ಸರಿನದು: ಊರಿಗೆಲ್ಲ ಇದು ಸುರಕ್ಷಿತವೇ? ‘ನನ್ನೊಬ್ಬನಿಗೆ ಯಾಕೆ ಹೀಗಾಗುತ್ತದೆ’ ಎಂಬುದನ್ನು ಯಾರಾದರೂ ಗಂಭೀರವಾಗಿ ಕೇಳತೊಡಗಿದ್ದು ಆಸ್ಪರ್ಟೇಮ್ 1983ರಲ್ಲಿ ಅಮೆರಿಕದ ತಂಪು ಪಾನೀಯಕ್ಕೆ ಇಳಿದು ತಲೆನೋವಿನ ದೂರುಗಳು ಕಂತೆ ಕಟ್ಟಿದ ಮೇಲೆ.

1987ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಇಂಥ ತಲೆನೋವಿನ 40 ಮಂದಿಯನ್ನು ಕರೆದರು. ಒಂದು ದಿನ ಆಸ್ಪರ್ಟೇಮ್, ಇನ್ನೊಂದು ದಿನ ಹುಸಿಗುಳಿಗೆ. ಯಾವುದು ಯಾವುದೆಂದು ಕೊಟ್ಟವರಿಗೂ ಗೊತ್ತಿಲ್ಲ, ತಿಂದವರಿಗೂ ಗೊತ್ತಿಲ್ಲ. ಆಸ್ಪರ್ಟೇಮ್ ತಿಂದಾಗ ಶೇ. 35 ಮಂದಿಗೆ ತಲೆನೋವು, ಹುಸಿಗುಳಿಗೆಗೆ ಶೇ. 45! ನಮ್ಮ ನಾಲ್ಕನೆಯವರು ಗೆದ್ದರು ಅನ್ನಬೇಕು. ಆದರೆ 1994ರ ಇನ್ನೊಂದು ಪರೀಕ್ಷೆಯಲ್ಲಿ, ಮನೆಯಲ್ಲೇ ಇದ್ದು ದಿನದಿನವೂ ಗುಳಿಗೆ ತೆಗೆದುಕೊಂಡವರಲ್ಲಿ ತಲೆನೋವಿನ ದಿನಗಳು ಆಸ್ಪರ್ಟೇಮಿನ ಕಡೆಗೇ ಹೆಚ್ಚಾಗಿ ಬಂದವು. ‘ಖಂಡಿತ ಇದರಿಂದಲೇ’ ಎಂದು ಮೊದಲೇ ಹೇಳಿದವರಲ್ಲಿ ಇನ್ನೂ ಎದ್ದು ಕಂಡಿತು. ಚಿಕ್ಕ ಪರೀಕ್ಷೆ, ಹಲವರು ಅರ್ಧಕ್ಕೇ ಬಿಟ್ಟುಹೋಗಿದ್ದರು, ನಿಜ. 2015ರಲ್ಲಿ ಬ್ರಿಟನ್ನಿನಲ್ಲಿ, ಆಗುವುದಿಲ್ಲ ಎನ್ನುವ 48 ಮಂದಿಗೂ ಅಂಥ ದೂರಿಲ್ಲದ 48 ಮಂದಿಗೂ ತಿನ್ನಲು ಧಾನ್ಯದ ಬಾರ್ ಕೊಟ್ಟರು, ಒಂದು ದಿನ ಆಸ್ಪರ್ಟೇಮ್ ಇರುವುದು, ಇನ್ನೊಂದು ದಿನ ಇಲ್ಲದ್ದು. ಎರಡು ಬಗೆಯ ಬಾರ್‌ಗೂ ವ್ಯತ್ಯಾಸ ಕಾಣಲಿಲ್ಲ. ದೂರಿನವರಿಗೆ ಹೆಚ್ಚು ತೊಂದರೆ ಎನಿಸಿದ್ದು ಮೊದಲ ದಿನ, ಅಂದು ತಿಂದ ಬಾರ್ ಯಾವುದೇ ಇರಲಿ.

ಸಕ್ಕರೆಯ ಪಾಳಿಯೂ ಬಂದಿತ್ತು. ಸಿಹಿ ತಿಂದರೆ ಮಗ ಮಂಗನಾಗುತ್ತಾನೆ ಎನ್ನುವ ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ ‘ಸಕ್ಕರೆ ಕೊಟ್ಟಿದ್ದೇವೆ’ ಎಂದು 1994ರಲ್ಲಿ ಸುಳ್ಳು ಹೇಳಿ ನೋಡಿದರು. ಮಕ್ಕಳಿಗೆಲ್ಲ ಕೊಟ್ಟದ್ದು ಆಸ್ಪರ್ಟೇಮ್. ಆ ಸುಳ್ಳು ಕೇಳಿದ ತಾಯಂದಿರಿಗೇ ಮಗನ ಚೇಷ್ಟೆ ಹೆಚ್ಚಾಗಿ ಕಂಡಿತು.

ಇಷ್ಟು ಓದಿ ಎಲ್ಲವನ್ನೂ ಭ್ರಮೆಯ ಖಾತೆಗೆ ಬರೆಯುವುದು ಸುಲಭ, ಹಾಗೆ ಬರೆದವರೂ ಬಹಳ. ಆದರೆ ಬರ್ಫಿಯವರ ಹೊಟ್ಟೆಗೆ ಭ್ರಮೆಯ ಹಂಗಿಲ್ಲ. ಸಕ್ಕರೆರಹಿತ ಮಿಠಾಯಿಗೆ ಮೈ ತುಂಬಿಕೊಡಲು ಹಾಕುವ ಮಾಲ್ಟಿಟಾಲ್, ಸಾರ್ಬಿಟಾಲ್ ಎಂಬ ಬದಲಿ ಸಿಹಿಗಳನ್ನು ಸಣ್ಣ ಕರುಳು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ಕರುಳಿಗೆ ನೀರು ಎಳೆಯುತ್ತದೆ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗಾಳಿ ಮಾಡುತ್ತವೆ. ಒಬ್ಬರಿಗೆ ಎರಡು ತುಂಡು ಸಾಕು, ಇನ್ನೊಬ್ಬರು ಆರು ತಿಂದು ದಕ್ಕಿಸಿಕೊಂಡಾರು. ಸ್ಯಾಕರಿನ್ ಕೆಲವರ ನಾಲಿಗೆಗೆ ಮಾತ್ರ ಕಹಿ, ಅದು ಹುಟ್ಟಿನಿಂದ ಬಂದ ರುಚಿಗ್ರಾಹಿಗಳ ವ್ಯತ್ಯಾಸ. ಫಿನೈಲ್‌ಕೀಟೋನ್ಯೂರಿಯಾ, ಅಂದರೆ ಪ್ರೋಟೀನಿನ ಫಿನೈಲ್‌ಅಲನಿನ್ ಎಂಬ ಅಂಶವನ್ನು ಒಡೆಯಲಾಗದ ಹುಟ್ಟುಕಾಯಿಲೆ ಇರುವ ಮಕ್ಕಳಿಗೆ ಅದೇ ಅಂಶವುಳ್ಳ ಆಸ್ಪರ್ಟೇಮ್ ನಿಜಕ್ಕೂ ಅಪಾಯ. ಇನ್ನು ಅಪರೂಪದ ಕೆಲವರಿಗೆ ಫ್ರಕ್ಟೋಸನ್ನು ಒಡೆಯುವ ಕಿಣ್ವವೇ ಇರುವುದಿಲ್ಲ. ಸಕ್ಕರೆಯ ಅರ್ಧಭಾಗ ಫ್ರಕ್ಟೋಸೇ. ಅಂಥ ಮಕ್ಕಳು ಪಾಯಸದ ಬಟ್ಟಲು ದೂರ ತಳ್ಳಿದರೆ ಅದು ಹಟವಲ್ಲ. ಅವರ ಹಲ್ಲು ಹುಳುಕಾಗದಿರುವುದೂ ಅದರಿಂದಲೇ. 2022ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆ, ಸ್ಯಾಕರಿನ್ ಮತ್ತು ಸುಕ್ರಲೋಸ್ ತಿಂದಾಗ ರಕ್ತದ ಸಕ್ಕರೆಯ ಏರಿಳಿತ ಆಳಿಂದಾಳಿಗೆ ಬೇರೆ, ಅದರಲ್ಲಿ ಕರುಳಿನ ಬ್ಯಾಕ್ಟೀರಿಯಾದ ಕೈವಾಡವಿದೆ ಎಂದಿತು.

2023 ಬಂತು, ಮುಂಬಯಿಯ ವಾಟ್ಸಾಪ್ ಬಳಗಗಳಿಗೆ ಹಬ್ಬ. ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲು ಈ ಸಿಹಿಗಳನ್ನು ನೆಚ್ಚಬೇಡಿ ಎಂದಿತು. ಮೊದಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸದು ಎಂಬ ಸಾಲು ಫಾರ್ವರ್ಡ್ ಆಗುತ್ತ ಆಗುತ್ತ ಉದುರಿಹೋಯಿತು. ಜುಲೈಯಲ್ಲಿ ಅದರ ಕ್ಯಾನ್ಸರ್ ಸಂಶೋಧನಾ ವಿಭಾಗ ಆಸ್ಪರ್ಟೇಮನ್ನು ‘ಬಹುಶಃ ಕಾರಣವಾಗಬಹುದಾದ’ ಪಟ್ಟಿಗೆ ಸೇರಿಸಿದರೆ, ಅದೇ ದಿನ ಆಹಾರ ಸುರಕ್ಷತಾ ಸಮಿತಿ ದಿನಕ್ಕೆ ಕಿಲೋ ದೇಹತೂಕಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಎತ್ತಿಹಿಡಿಯಿತು. ಪರಿಚಿತರೊಬ್ಬರು ಅಂದೇ ಡಬ್ಬಿ ಎಸೆದು ಬೆಲ್ಲದ ಕಾಫಿಗೆ ತಿರುಗಿದರು. ಬೆಲ್ಲವೂ ಬಹುಪಾಲು ಸುಕ್ರೋಸೇ, ಅಂದರೆ ಸಕ್ಕರೆಯೇ ಎಂದು ಅವರ ಸೊಸೆ ಹೇಳಬೇಕಾಯಿತು.

ಪೊಟ್ಟಣದ ಮೇಲಿನ ಪದಾರ್ಥಪಟ್ಟಿಯಲ್ಲಿ 951 ಎಂದರೆ ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್, 965 ಮಾಲ್ಟಿಟಾಲ್. ಅಕ್ಷರ ಎಳ್ಳಿಗಿಂತ ಸಣ್ಣ, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕು. ತಟ್ಟೆಯಿಂದ ತೂಗಿ ಕೊಡುವ ಮಿಠಾಯಿಗೆ ಆ ಭಾಗ್ಯವೂ ಕಡಿಮೆ. ಕಳೆದ ದೀಪಾವಳಿಗೆ ಹತ್ತಿರದ ಅಂಗಡಿಯಲ್ಲಿ ಅಂಜೂರದ ಬರ್ಫಿ ತೋರಿಸಿ, ಇದರಲ್ಲಿ ಸಕ್ಕರೆ ಬದಲು ಏನು ಹಾಕಿದ್ದೀರಿ ಎಂದು ಕೇಳಿದೆ. ತಕ್ಕಡಿ ಹಿಡಿದ ಹುಡುಗ ನನ್ನನ್ನೇ ಒಮ್ಮೆ ನೋಡಿದ. “ಶುಗರ್‌ಫ್ರೀ ಹೈ ಅಂಕಲ್, ಕುಛ್ ನಹೀ ಡಾಲಾ.”