ಮೂರು ಮಿಲಿಮೀಟರಿನ ಬೀಗ

ಪೀಣ್ಯಕ್ಕೆ ಹೋಗುವ ಹಸಿರು ಮಾರ್ಗದ ಮೆಟ್ರೊದಲ್ಲಿ ಅಕ್ಕನ ಮಗ ಗಟ್ಟಿ ದನಿಯಲ್ಲಿ ಕೇಳಿದ: “ಮಾಮ, 1911 ಪಿಸ್ತೂಲಲ್ಲಿ ಕೋಲ್ಟ್ ಬೆಸ್ಟಾ, ಸ್ಪ್ರಿಂಗ್‌ಫೀಲ್ಡ್ ಬೆಸ್ಟಾ, ಕಿಂಬರ್ ಬೆಸ್ಟಾ?” ಎದುರು ಸೀಟಿನ ಹೆಂಗಸು ಮಡಿಲಲ್ಲಿದ್ದ ಬ್ಯಾಗನ್ನು ಮೆಲ್ಲಗೆ ಎದೆಗವಚಿಕೊಂಡರು. ಹುಡುಗ ಹತ್ತನೇ ಕ್ಲಾಸು. ಅವನ ಶಸ್ತ್ರವಿದ್ಯೆಯೆಲ್ಲ ಮೊಬೈಲ್ ಗೇಮಿನದು. ನಾನು ಮನೆಯ ಗ್ರೈಂಡರಿನ ಸವೆದ ಶಾಫ್ಟನ್ನು ಚೀಲದಲ್ಲಿಟ್ಟುಕೊಂಡು ಪರಿಚಯದ ಫಿಟ್ಟರ್ ಒಬ್ಬರ ಶೆಡ್ಡಿಗೆ ಹೊರಟಿದ್ದೆ. “ಮೆತ್ತಗೆ ಮಾತಾಡೋ” ಎಂದು ಅವನ ಬಾಯಿ ಮುಚ್ಚಿಸಿದೆ. ಒಂದೇ ನಕ್ಷೆಯ ಪಿಸ್ತೂಲು ಮಾಡುವ ಮೂರು ಕಂಪನಿಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಮೊದಲು ಒಂದು ಮಾತು. ಬೋರ್ ಎಂದರೆ ನಳಿಗೆಯ ಒಳ ಅಳತೆ. 1911ರ .45 ಇಂಚು ಆಗಲಿ 9 ಎಂಎಂ ಆಗಲಿ ನಮ್ಮ ದೇಶದಲ್ಲಿ ನಿಷೇಧಿತ ಬೋರ್. ಸಾಮಾನ್ಯ ನಾಗರಿಕನಿಗೆ ಲೈಸೆನ್ಸ್ ಸಿಗುವ ವಸ್ತುವಲ್ಲ. ಹಾಗಾಗಿ ಬೆಂಗಳೂರಿಗನ ಪಾಲಿಗೆ 1911 ಎಂಬುದು ಕಾಗದದ ಮೇಲೆ ಬಿಡಿಸಬೇಕಾದ ಒಗಟು ಅಷ್ಟೆ. ಒಗಟಾಗಿ ನೋಡಿದರೆ ಬಲು ಸೊಗಸು.

1911 ಒಂದು ಇಸವಿ. ಆ ವರ್ಷದ ಮಾರ್ಚ್ 29ರಂದು ಅಮೆರಿಕದ ಸೇನೆ ಒಪ್ಪಿಕೊಂಡ ನಕ್ಷೆಗೆ ಅದೇ ಹೆಸರಾಯಿತು. ನಕ್ಷೆ ಬರೆದವರು ಯೂಟಾ ರಾಜ್ಯದ ಆಗ್‌ಡನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್. ಕೊನೆಯ ಪರೀಕ್ಷೆಯಲ್ಲಿ 6000 ಗುಂಡು ಹಾರಿಸಿದರೂ ಅವರ ಪಿಸ್ತೂಲು ಒಮ್ಮೆಯೂ ತಡವರಿಸಲಿಲ್ಲ. ಎದುರಾಳಿ ಸ್ಯಾವೇಜ್ 37 ಸಲ ಕೈಕೊಟ್ಟಿತು. ಪೇಟೆಂಟಿನ ಕಾಲ ಮುಗಿದು ಎಷ್ಟೋ ದಶಕಗಳಾದವು. ಈಗ ಅದು ಮಸಾಲೆ ದೋಸೆ ಇದ್ದಂತೆ, ಯಾವ ಹೋಟೆಲಾದರೂ ಹುಯ್ಯಬಹುದು. ಎರಡನೇ ಮಹಾಯುದ್ಧದಲ್ಲಿ ಟೈಪ್‌ರೈಟರಿನ ರೆಮಿಂಗ್ಟನ್ ರ್‍ಯಾಂಡ್, ರೈಲ್ವೆ ಸಿಗ್ನಲ್ಲಿನ ಯೂನಿಯನ್ ಸ್ವಿಚ್ ಆ್ಯಂಡ್ ಸಿಗ್ನಲ್, ಕೊನೆಗೆ ಹೊಲಿಗೆ ಯಂತ್ರದ ಸಿಂಗರ್ ಕೂಡ ಇದನ್ನು ಮಾಡಿದರು. ಸಿಂಗರ್ ಮಾಡಿದ್ದು ಬರೀ 500. ನಮ್ಮಜ್ಜಿ ರವಿಕೆ ಹೊಲಿಯುತ್ತಿದ್ದ ಮೆಷಿನ್ನಿನ ಮೇಲಿದ್ದದ್ದೂ ಅದೇ ಹೆಸರು.

ಈ ನಕ್ಷೆಯ ಜೀವಾಳ ಎಲ್ಲಿದೆ? ತೋಟಾ ಸಿಡಿದಾಗ ಒಳಗಿನ ಒತ್ತಡ ವಾತಾವರಣದ ಸುಮಾರು 1400 ಪಟ್ಟು ಏರಬಹುದು. ಅಡುಗೆಮನೆಯ ಕುಕ್ಕರ್ ವಿಷಲ್ ಹೊಡೆಯುವುದು ಹೊರಗಿನದಕ್ಕಿಂತ ಒಂದು ಪಟ್ಟು ಹೆಚ್ಚಾದಾಗ. ಅಷ್ಟಕ್ಕೇ ನಾವು ಮುಚ್ಚಳ ತೆಗೆಯಲು ಹೆದರುತ್ತೇವೆ. ಇಲ್ಲಿ ಮುಚ್ಚಳ ತಾನಾಗಿ ತೆರೆದು, ಖಾಲಿ ತೋಟಾ ಹೊರಗೆಸೆದು, ಹೊಸದನ್ನು ಒಳಗೆಳೆದುಕೊಳ್ಳಬೇಕು. ಅದೂ ಗುಂಡು ನಳಿಗೆಯಿಂದ ಹೊರಬಿದ್ದು ಒತ್ತಡ ಇಳಿದ ಮೇಲೆ. ಕಾಯಬೇಕಾದ ಹೊತ್ತು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಗಡಿಯಾರವಿಲ್ಲ, ವಿದ್ಯುತ್ತಿಲ್ಲ. ಕಾಯುವವರು ಯಾರು?

ಹರಿಗೋಲಿನಿಂದ ದಡಕ್ಕೆ ಹಾರಿದವರಿಗೆ ಗೊತ್ತು, ನೀವು ಮುಂದಕ್ಕೆ ಹೋದರೆ ಹರಿಗೋಲು ಹಿಂದಕ್ಕೆ ಸರಿಯುತ್ತದೆ. ಹರಿಗೋಲು ಭಾರವಾದಷ್ಟೂ ಸರಿಯುವುದು ಕಡಿಮೆ. ಗುಂಡಿನ ತೂಕ 15 ಗ್ರಾಂ. ಅದರ ಎದುರು ಹಿಂದಕ್ಕೆ ಸರಿಯುವ ನಳಿಗೆ ಮತ್ತು ಅದರ ಮೇಲೆ ಕೂತು ಜಾರುವ ಸ್ಲೈಡ್ (ಮುಚ್ಚಳವೆಂದರೆ ಇದೇ), ಎರಡೂ ಸೇರಿ ಹತ್ತಿರ ಹತ್ತಿರ ಅರ್ಧ ಕೆ.ಜಿ. ಅಂದರೆ ಮೂವತ್ತಮೂರು ಪಟ್ಟು. ಗುಂಡು ನಳಿಗೆಯೊಳಗೆ ಹನ್ನೊಂದು ಸೆಂಟಿಮೀಟರ್ ಓಡಿ ಹೊರಬೀಳುವಷ್ಟರಲ್ಲಿ ಇವು ಸರಿಯುವುದು ಮೂರು ಮಿಲಿಮೀಟರ್ ಚಿಲ್ಲರೆ. ಸಿಡಿಮದ್ದಿನ ರಸಾಯನಶಾಸ್ತ್ರ ಗೊತ್ತಿಲ್ಲದಿದ್ದರೂ, ಬರೀ ತಕ್ಕಡಿ ಹಿಡಿದು ಹೇಳಬಹುದಾದ ಲೆಕ್ಕ ಇದು. ಬ್ರೌನಿಂಗ್ ಮಾಡಿದ್ದಿಷ್ಟೆ: ಆ ಮೂರು ಮಿಲಿಮೀಟರಿನವರೆಗೆ ನಳಿಗೆಯನ್ನೂ ಸ್ಲೈಡನ್ನೂ ಒಂದಕ್ಕೊಂದು ಕಚ್ಚಿಸಿಟ್ಟು, ಆಮೇಲೆ ಬಿಡಿಸಿದರು.

ಕಚ್ಚಿಸುವುದು ಸುಲಭ. ನಳಿಗೆಯ ಬೆನ್ನ ಮೇಲಿನ ಏಣುಗಳು ಸ್ಲೈಡಿನೊಳಗಿನ ತೋಡುಗಳಲ್ಲಿ ಕೂರುತ್ತವೆ, ಎರಡು ಕೈಗಳ ಬೆರಳು ಹೆಣೆದಂತೆ. ಬಿಡಿಸುವುದರಲ್ಲಿದೆ ಕೈಚಳಕ. ನಳಿಗೆಯ ಹಿಂಬದಿಯ ಅಡಿಗೆ ಒಂದು ಪುಟ್ಟ ಕೊಂಡಿ. ಅದರ ಕೆಳತುದಿ ಪಿಸ್ತೂಲಿನ ಒಡಲಿಗೆ ಪಿನ್ನಿನಿಂದ ಬಿಗಿದದ್ದು, ಮೇಲ್ತುದಿ ನಳಿಗೆಗೆ. ನೆಟ್ಟಗೆ ನಿಂತ ರೈಲ್ವೆ ಗೇಟಿನ ಕಂಬ ಬೀಳುವುದನ್ನು ನೆನಪಿಸಿಕೊಳ್ಳಿ. ಅದರ ತುದಿ ಮೊದಮೊದಲು ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಕೆಳಗಿಳಿಯುವುದೇ ಇಲ್ಲ ಅನ್ನಿಸುತ್ತದೆ. ಸ್ವಲ್ಪ ಬಾಗಿದ ಮೇಲೆ ದಡದಡ ಇಳಿಯುತ್ತದೆ. ಜಾತ್ರೆಯ ತಿರುಗುತೊಟ್ಟಿಲಲ್ಲಿ ತುತ್ತತುದಿಗೆ ಹೋದವರಿಗೂ ಇದು ಗೊತ್ತು. ಅಲ್ಲಿ ಒಂದು ಕ್ಷಣ ಬರೀ ಮುಂದೆ ಹೋಗುತ್ತೀರಿ, ಹೊಟ್ಟೆ ತಳಮಳಿಸುವುದು ಆಮೇಲೆ. ವೃತ್ತದ ನೆತ್ತಿ ಎಂದರೆ ಹಾಗೆ. ಕೊಂಡಿಯೂ ಅಷ್ಟೆ: ಮೊದಲ ಮೂರು ಮಿಲಿಮೀಟರ್ ನಳಿಗೆಯನ್ನು ಹಿಂದಕ್ಕೆ ಹೋಗಗೊಟ್ಟು, ಆಮೇಲೆ ಅದರ ಬಾಲ ಹಿಡಿದು ಕೆಳಗೆಳೆಯುತ್ತದೆ. ಏಣು ತೋಡಿನಿಂದ ಕಳಚುತ್ತದೆ. ಸ್ಲೈಡ್ ಒಂಟಿಯಾಗಿ ಹಿಂದಕ್ಕೋಡುತ್ತದೆ. ಗಡಿಯಾರದ ಕೆಲಸವನ್ನು ಜ್ಯಾಮಿತಿ ಮಾಡಿತು.

ಗಡಿಯಾರ ಎಂದಾಗ ನೆನಪಾಯಿತು. ಈ ಪಿಸ್ತೂಲನ್ನು ‘ಆಟೊಮ್ಯಾಟಿಕ್’ ಎನ್ನುವುದು ತಪ್ಪು ಕಲ್ಪನೆಗೆ ದಾರಿ. ತಾನಾಗಿ ತುಂಬಿಕೊಳ್ಳುತ್ತದೆ, ತಾನಾಗಿ ಹಾರಿಸುವುದಿಲ್ಲ. ಟ್ರಿಗರಿನಿಂದ ಬೆರಳು ಸಡಿಲಿಸುವವರೆಗೂ ಮುಂದಿನ ಗುಂಡು ಹಾರದಂತೆ ಒಂದು ಚೂರು ಉಕ್ಕು ಅಡ್ಡ ನಿಲ್ಲುತ್ತದೆ. ಎಚ್‌ಎಂಟಿ ವಾಚಿನ ಬೆನ್ನು ಬಿಚ್ಚಿ ನೋಡಿದವರು ಎಸ್ಕೇಪ್‌ಮೆಂಟನ್ನು ಕಂಡಿರುತ್ತೀರಿ. ಸುರುಳಿಯ ಶಕ್ತಿಯೆಲ್ಲ ಒಮ್ಮೆಗೇ ಹರಿದುಹೋಗದಂತೆ ಒಂದೊಂದೇ ಹಲ್ಲು ಬಿಡುತ್ತದಲ್ಲ, ಅದರ ಒರಟು ದಾಯಾದಿ ಇದು.

ಈ ಬೀಗವಿಲ್ಲದ ಹಳೆಯ ಪಿಸ್ತೂಲುಗಳೂ ಇವೆ. 1914ರಲ್ಲಿ ಸರಾಯೆವೊದಲ್ಲಿ ಆಸ್ಟ್ರಿಯಾದ ಆರ್ಚ್‌ಡ್ಯೂಕ್ ಫರ್ಡಿನಾಂಡರನ್ನು ಕೊಂದದ್ದು ಇದೇ ಬ್ರೌನಿಂಗ್ ರಚಿಸಿದ ಎಫ್‌ಎನ್ 1910. 1948ರ ಜನವರಿ 30ರಂದು ಗಾಂಧೀಜಿಯ ಎದೆಗೆ ಹಾರಿದ್ದು ಇಟಲಿಯ ಬೆರೆಟ್ಟಾ 1934. ಎರಡೂ ಬೀಗವಿಲ್ಲದವು. ಸಣ್ಣ ತೋಟಾಕ್ಕೆ ಸ್ಲೈಡಿನ ಭಾರ ಮತ್ತು ಸ್ಪ್ರಿಂಗೇ ಸಾಕು.

ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನಲ್ಲಿ ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ಅವರ ಕೊನೆಯ ಪಿಸ್ತೂಲಿನ ನಕ್ಷೆಯನ್ನು ಡ್ಯೂಡೊನೆ ಸೇವ್ ಎಂಬವರು ಮುಗಿಸಿದ್ದು ಹೈ-ಪವರ್ ಆಯಿತು, 1935ರಲ್ಲಿ. ಅದರಲ್ಲಿ ಕೊಂಡಿಯೇ ಮಾಯ. ನಳಿಗೆಯ ಅಡಿಯಲ್ಲಿ ಓರೆಯಾಗಿ ಕಡೆದ ತೋಡೊಂದು ಅದೇ ಕೆಲಸ ಮಾಡುತ್ತದೆ. ಅದರ ವಂಶದ ಕುಡಿಯೊಂದು ನಮ್ಮಲ್ಲೇ ಇದೆ: ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ ನಮ್ಮ ಸೇನೆಗೆ ಮಾಡಿಕೊಟ್ಟ 9 ಎಂಎಂ ಪಿಸ್ತೂಲು.

ಸಿನಿಮಾದವರ ಮೇಲೂ ನನಗೊಂದು ಸಿಟ್ಟಿದೆ. .45 ತಗುಲಿದ ಖಳ ಹತ್ತಡಿ ಹಿಂದಕ್ಕೆ ಹಾರಿ ಗಾಜು ಒಡೆದುಕೊಂಡು ಬೀಳುತ್ತಾನೆ. 15 ಗ್ರಾಂ ಗುಂಡು ಸೆಕೆಂಡಿಗೆ 250 ಮೀಟರ್ ವೇಗದಲ್ಲಿ 70 ಕೆ.ಜಿ. ಮನುಷ್ಯನೊಳಗೆ ಉಳಿದರೆ ಅವನು ಪಡೆಯುವ ವೇಗ ಸೆಕೆಂಡಿಗೆ ಐದು ಸೆಂಟಿಮೀಟರ್. ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಗಂಟೆಗೆ 140 ಕಿ.ಮೀ. ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿಗೆ ಈ ಗುಂಡಿನ ಒಂದೂವರೆ ಪಟ್ಟಿಗೂ ಮಿಕ್ಕಿದ ಸಂವೇಗವಿದೆ (ತೂಕವನ್ನು ವೇಗದಿಂದ ಗುಣಿಸಿದ್ದು). ಬ್ಯಾಟ್ಸ್‌ಮನ್ ಹಾರಿಹೋಗಿದ್ದು ಕಂಡಿದ್ದೀರಾ? ಗುಂಡು ಕೊಲ್ಲುವುದು ಚಿಕ್ಕ ಜಾಗದಲ್ಲಿ ಶಕ್ತಿ ಸುರಿದು, ದೊಡ್ಡದಾಗಿ ನೂಕಿ ಅಲ್ಲ.

ಸರಿ, ಕಂಪನಿಗಳ ವಿಚಾರ. ‘ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಅಂದ್ರೆ ಅಮೆರಿಕ ಸರ್ಕಾರದ್ದು’ ಎಂದು ಹುಡುಗ ನಂಬಿದ್ದ. ಸರ್ಕಾರದ ಕಾರ್ಖಾನೆ 1968ರಲ್ಲೇ ಮುಚ್ಚಿತು. 1974ರಲ್ಲಿ ಖಾಸಗಿ ಕಂಪನಿಯೊಂದು ಹೆಸರನ್ನಷ್ಟೇ ಎತ್ತಿಕೊಂಡಿತು. ಕೋಲ್ಟ್ 2021ರಿಂದ ಜೆಕ್ ಕಂಪನಿಯ ಪಾಲು. ಹೆಸರು ಕೆತ್ತಿದ್ದನ್ನು ನೋಡಿ ಗುಣ ಅಳೆಯುವುದು ನಂಬರ್ ಪ್ಲೇಟ್ ನೋಡಿ ರಾಶಿ ಕೂಡಿಸುವವರ ಚಾಳಿ. ನಿಜವಾದ ವ್ಯತ್ಯಾಸ ಒಂದು ಕಡ್ಡಿಯಷ್ಟು ದಪ್ಪದ ಫೈರಿಂಗ್ ಪಿನ್ನಿನಲ್ಲಿದೆ, ಅಂದರೆ ತೋಟಾದ ಬೆನ್ನಿಗೆ ಕುಟ್ಟಿ ಅದನ್ನು ಸಿಡಿಸುವ ಮೊಳೆಯಲ್ಲಿ. ಪಿಸ್ತೂಲು ಮೂತಿ ಕೆಳಗಾಗಿ ನೆಲಕ್ಕೆ ಬಿತ್ತು ಅನ್ನಿ. ಒಡಲು ತಟ್ಟನೆ ನಿಂತರೂ ಒಳಗಿನ ಪಿನ್ನು ನಿಲ್ಲುವುದಿಲ್ಲ, ಬಿಎಂಟಿಸಿ ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸಿದಂತೆ. ಸ್ಪ್ರಿಂಗು ತಡೆಯದಿದ್ದರೆ ಯಾರೂ ಮುಟ್ಟದೆಯೇ ಗುಂಡು ಹಾರಬಹುದು.

ಇದಕ್ಕೆ ಕೋಲ್ಟ್ 1983ರ ಸೀರೀಸ್ 80ರಲ್ಲಿ ಪಿನ್ನಿಗೆ ಅಡ್ಡಗಟ್ಟೆ ಹಾಕಿತು. ಟ್ರಿಗರ್ ಒತ್ತಿದರೆ ಮಾತ್ರ ಅದು ಸರಿಯುತ್ತದೆ. ಹಾಗಾಗಿ ಟ್ರಿಗರಿನ ನಯ ಹೋಯಿತೆಂದು ಹಳಬರ ಗೊಣಗಾಟ. ಕಿಂಬರ್ ತನ್ನ ಸೀರೀಸ್ 2ರಲ್ಲಿ ಸ್ವಾರ್ಟ್ಸ್ ಎಂಬವರ 1930ರ ದಶಕದ ಉಪಾಯವನ್ನು ಮತ್ತೆ ತಂದಿತು. ಅಲ್ಲಿ ಅಡ್ಡಗಟ್ಟೆ ಸರಿಸುವುದು ಹಿಡಿಯನ್ನು ಅದುಮಿದ ಅಂಗೈ. ಟ್ರಿಗರ್ ನಯವಾಗಿಯೇ ಉಳಿಯಿತು, ಆದರೆ ಹಿಡಿತ ಅರ್ಧಂಬರ್ಧವಾದರೆ ಕೆಲಸ ಕೆಡುತ್ತದೆ. ಸ್ಪ್ರಿಂಗ್‌ಫೀಲ್ಡ್ ಅಡ್ಡಗಟ್ಟೆಯ ಗೋಜಿಗೇ ಹೋಗಲಿಲ್ಲ. ಪಿನ್ನನ್ನು ಟೈಟಾನಿಯಂನಲ್ಲಿ ಮಾಡಿ ಬಿರುಸಾದ ಸ್ಪ್ರಿಂಗ್ ಹಾಕಿತು. ಉಕ್ಕಿನ ಸಾಂದ್ರತೆ 7.8, ಟೈಟಾನಿಯಂನದು 4.5. ಮೀಟರ್ ಎತ್ತರದಿಂದ ಬಿದ್ದರೆ ಎರಡರ ವೇಗವೂ ಸೆಕೆಂಡಿಗೆ 4.4 ಮೀಟರೇ, ಶಕ್ತಿ ಮಾತ್ರ ತೂಕಕ್ಕೆ ತಕ್ಕಷ್ಟು. ನನ್ನ ಓಟು ಇದಕ್ಕೆ. ಹೊಸ ಭಾಗ ಸೇರಿಸದೆ ತೊಂದರೆ ಕಳೆದವನೇ ಜಾಣ ಎಂಬುದು ನನ್ನ ಹಳೆಯ ಪಕ್ಷಪಾತ.

ಶೆಡ್ಡಿನಲ್ಲಿ ಇದನ್ನೆಲ್ಲ ನಾನು ಹೇಳುತ್ತಿದ್ದಾಗ ಫಿಟ್ಟರಪ್ಪನವರು ಲೇತ್ ನಿಲ್ಲಿಸಿ ಬಂದರು. ಜೇಬಿನಿಂದ ಬಾಲ್‌ಪೆನ್ ತೆಗೆದು, ರೀಫಿಲ್ ಎಳೆದುಹಾಕಿ, ಒಳಗಿನ ಸ್ಪ್ರಿಂಗನ್ನು ಹಾಗೇ ಬಿಟ್ಟು, ಅದರ ಮೇಲೆ ತಲೆ ಕೂರುವಂಥ ಒಂದು ತೆಳು ಮೊಳೆ ಇಳಿಸಿದರು. ಮೂತಿ ಕೆಳಗೆ ಮಾಡಿ ಬೆಂಚಿನ ಮೇಲೆ ಟಕ್ ಎಂದು ಕುಟ್ಟಿದರು. ಬೆಂಚಿಗೆ ಬಳಿದಿದ್ದ ಗ್ರೀಸಿನ ಮೇಲೆ ಮೊಳೆಯ ಚುಕ್ಕಿ ಬಿತ್ತು. ಮೊಳೆ ತೆಗೆದು, ತಲೆಗೆ ಟೇಪು ಸುತ್ತಿದ ಪೊರಕೆಕಡ್ಡಿ ಹಾಕಿ ಅಷ್ಟೇ ಜೋರಾಗಿ ಕುಟ್ಟಿದರು. ಏನೂ ಬೀಳಲಿಲ್ಲ.

ಹುಡುಗ ಪೆನ್ನು ಕಿತ್ತುಕೊಂಡು ತಾನೇ ಹತ್ತು ಸಲ ಕುಟ್ಟಿದ. “ಇದು ಟೈಟಾನಿಯಂ” ಎಂದ, ಪೊರಕೆಕಡ್ಡಿ ತೋರಿಸಿ.

“ಹ್ಞೂಂ. ಈಗ ನನ್ನ ರೀಫಿಲ್ ಹುಡುಕಿಕೊಡಪ್ಪ” ಎಂದರು ಫಿಟ್ಟರಪ್ಪನವರು, “ಬಿಲ್ ಬರೀಬೇಕು.”